110 ಕೆವಿ ಯಾರ್ಡ್ ಅರ್ಥಿಂಗ್: ಓಮ್ ಇಳಿಸಬೇಕೋ, ಜಾಲರಿ ಬಿಗಿ ಮಾಡಬೇಕೋ? ಫ್ಲಾಟ್ ಸೈಜು, ರೈಸರ್, ಜಾಯಿಂಟ್ ಬಗ್ಗೆಯೂ ಹೇಳಿ

ಜಾಲರಿ_60

ಎಲ್ಲರಿಗೂ ನಮಸ್ಕಾರ. ಚರ್ಚೆಗೆ ಒಂದು ಡ್ರಾಯಿಂಗ್ ಇಡುತ್ತಿದ್ದೇನೆ. 110 ಕೆವಿ ಸಬ್‌ಸ್ಟೇಷನ್ನಿನ ನೆಲದಡಿ ಹೂಳುವ ಅರ್ಥಿಂಗ್ ಜಾಲರಿಯದು. ಹೊರಾಂಗಣ ಯಾರ್ಡ್, 60×60 ಮೀಟರ್. ಮಣ್ಣಿನ ರೋಧಕತೆ 100 ಓಮ್-ಮೀಟರ್, ಮೇಲೂ ಕೆಳಗೂ ಹೆಚ್ಚು ಕಡಿಮೆ ಒಂದೇ. ಫಾಲ್ಟ್ ಕರೆಂಟ್ 25 ಕಿಲೋ ಆಂಪಿಯರ್. ಅದರಲ್ಲಿ ಶೇಕಡ 40ರಷ್ಟು, ಅಂದರೆ 10 ಕಿಲೋ ಆಂಪಿಯರ್ ಮಣ್ಣಿಗಿಳಿಯುತ್ತದೆ, ಉಳಿದದ್ದು ಲೈನುಗಳ ಶೀಲ್ಡ್ ವೈರ್ (ಸಿಡಿಲು ತಡೆಯಲು ಟವರ್ ತುದಿಯಲ್ಲಿ ಎಳೆದ ತಂತಿ) ಮೂಲಕ ವಾಪಸ್ ಹೋಗುತ್ತದೆ ಎಂದು ಹಿಡಿದಿದ್ದಾರೆ. 50×6 ಮಿ.ಮೀ. ಜಿಐ ಫ್ಲಾಟ್ (ಸತು ಲೇಪಿಸಿದ ಉಕ್ಕಿನ ಪಟ್ಟಿ), 6 ಮೀಟರ್ ಅಂತರದ ಜಾಲರಿ, ಅರ್ಧ ಮೀಟರ್ ಆಳ, ಅಂಚಿನಲ್ಲಿ 3 ಮೀಟರಿನ 20 ರಾಡ್. ಮೇಲೆ 100 ಮಿ.ಮೀ. ಜಲ್ಲಿ.

ಲೆಕ್ಕದಲ್ಲಿ ಅರ್ಥ್ ರೆಸಿಸ್ಟೆನ್ಸ್ 0.8 ಓಮ್ ಬರುತ್ತದೆ. ಪರಿಶೀಲಿಸಿದವರು 0.5ಕ್ಕಿಂತ ಕಡಿಮೆ ಬೇಕು, ಇನ್ನೂ 40 ರಾಡ್ ಹಾಕಿ ಎನ್ನುತ್ತಾರೆ. ನನ್ನ ಪ್ರಶ್ನೆಗಳು: ರಾಡ್ ಹೆಚ್ಚಿಸಿದರೆ 0.5 ಬರುತ್ತದೆಯೇ? 50×6 ಸಾಕೇ? ಪ್ರತಿ ಉಪಕರಣಕ್ಕೂ ಎರಡು ರೈಸರ್ (ಉಪಕರಣವನ್ನು ಹೂತ ಜಾಲರಿಗೆ ಜೋಡಿಸುವ ಪಟ್ಟಿ) ಇರುವುದರಿಂದ ಒಂದೊಂದನ್ನು ಅರ್ಧ ಸೈಜಿನಲ್ಲಿ ಕೊಡಬಹುದೇ?

ಮಣ್ಣು_ಓಮ್

ಮೊದಲನೆಯದಕ್ಕೆ ಉತ್ತರ: ಬರುವುದಿಲ್ಲ. ಒಂದೇ ಪದರದ ಮಣ್ಣಿನಲ್ಲಿ ರೆಸಿಸ್ಟೆನ್ಸನ್ನು ನಿರ್ಧರಿಸುವುದು ಯಾರ್ಡಿನ ವಿಸ್ತೀರ್ಣ. ಒಳಗೆ ಎಷ್ಟು ಲೋಹ ಹೂತಿದ್ದೀರಿ ಎಂಬುದರ ಪಾಲು ತೀರಾ ಸಣ್ಣದು. ಸರಳ ಸೂತ್ರ ಹೀಗಿದೆ: ರೋಧಕತೆಯನ್ನು 4ರಿಂದ ಭಾಗಿಸಿ, ಪೈಯನ್ನು ವಿಸ್ತೀರ್ಣದಿಂದ ಭಾಗಿಸಿ ಬಂದದ್ದರ ವರ್ಗಮೂಲದಿಂದ ಅದನ್ನು ಗುಣಿಸಿ, ಅದಕ್ಕೆ ರೋಧಕತೆ ಭಾಗಿಸು ಹೂತ ಒಟ್ಟು ಉದ್ದವನ್ನು ಕೂಡಿಸಿ. ನಿಮ್ಮ ಯಾರ್ಡಿಗೆ ಮೊದಲ ಭಾಗವೇ 0.74 ಓಮ್. 6 ಮೀಟರ್ ಅಂತರದಲ್ಲಿ ಫ್ಲಾಟಿನ ಉದ್ದ 1320 ಮೀಟರ್, ಅದರ ಪಾಲು 0.08. ಅಂತರವನ್ನು 3 ಮೀಟರಿಗೆ ಇಳಿಸಿ ಫ್ಲಾಟನ್ನು 2520 ಮೀಟರ್ ಮಾಡಿದರೂ ಆ ಪಾಲು 0.04 ಆಗುತ್ತದೆ ಅಷ್ಟೆ. ಒಟ್ಟು 0.82 ಇದ್ದದ್ದು 0.78. ಇದೇ ಮಣ್ಣಿನಲ್ಲಿ 0.5ಕ್ಕೆ ಇಳಿಯಬೇಕಾದರೆ ಯಾರ್ಡ್ ಸುಮಾರು 96×96 ಮೀಟರ್ ಆಗಬೇಕು. 40 ರಾಡ್ ಆ ಕೆಲಸ ಮಾಡಲಾರವು. ಕೆಳಪದರದ ಮಣ್ಣು ಮೇಲಿನದಕ್ಕಿಂತ ಚೆನ್ನಾಗಿದ್ದರೆ ಉದ್ದ ರಾಡಿನಿಂದ ನಿಜವಾದ ಲಾಭ ಇದೆ, ನಿಮ್ಮಲ್ಲಿ ಹಾಗಿಲ್ಲ.

ಆದರೆ 0.8 ಇದ್ದರೂ ಪರವಾಗಿಲ್ಲ ಎಂದು ಹೇಳಿ ಮುಗಿಸುವ ಹಾಗೂ ಇಲ್ಲ. 10 ಕಿಲೋ ಆಂಪಿಯರ್ ಇಳಿದಾಗ ಇಡೀ ಜಾಲರಿ 8000 ವೋಲ್ಟಿಗೆ ಏರುತ್ತದೆ. 0.5 ಓಮ್ ಇದ್ದಿದ್ದರೆ 5000. ಎರಡೂ ಸಾಯಿಸುವಷ್ಟಿವೆ. ಮನುಷ್ಯನನ್ನು ಉಳಿಸುವುದು ಅವನ ಕೈ ಮುಟ್ಟಿದ ಲೋಹಕ್ಕೂ ಕಾಲಡಿಯ ನೆಲಕ್ಕೂ ನಡುವಿನ ವ್ಯತ್ಯಾಸ ಕಡಿಮೆ ಇರುವುದು. ಅದಕ್ಕೇ ಸ್ಪರ್ಶ ವೋಲ್ಟೇಜ್ ಎನ್ನುತ್ತಾರೆ, ಅದನ್ನೇ ಲೆಕ್ಕ ಹಾಕಿ.

ಐಇಇಇ 80 ಎಂಬ ಸಬ್‌ಸ್ಟೇಷನ್ ಅರ್ಥಿಂಗ್ ಮಾರ್ಗದರ್ಶಿಯ ಸೂತ್ರದಲ್ಲಿ 50 ಕೆ.ಜಿ. ತೂಕದ ವ್ಯಕ್ತಿಗೆ, ಅರ್ಧ ಸೆಕೆಂಡಿನಲ್ಲಿ ಫಾಲ್ಟ್ ತೆರವಾಗುವುದಾದರೆ, ಜಲ್ಲಿಯೇ ಇಲ್ಲದ ನಿಮ್ಮ ಮಣ್ಣಿನ ಮೇಲೆ ಸಹ್ಯ ಸ್ಪರ್ಶ ವೋಲ್ಟೇಜ್ ಸುಮಾರು 189. ಒದ್ದೆಯಾದಾಗಲೂ 2500 ಓಮ್-ಮೀಟರ್ ಉಳಿಸಿಕೊಳ್ಳುವ ಜಲ್ಲಿ 100 ಮಿ.ಮೀ. ಇದ್ದರೆ 596. ಈಗ ಜಾಲರಿಯ ಮೂಲೆಯ ಚೌಕದಲ್ಲಿ ನಿಜಕ್ಕೂ ಎಷ್ಟು ಬರುತ್ತದೆ ನೋಡೋಣ. ಅದೇ ಐಇಇಇ 80ರ ವಿಧಾನ, ನೀವು ಕೊಟ್ಟ ರಾಡ್‌ಗಳನ್ನೂ ಸೇರಿಸಿ:

6 ಮೀಟರ್ ಅಂತರ – ಸುಮಾರು 930 ವೋಲ್ಟ್
5 ಮೀಟರ್ – 785
4 ಮೀಟರ್ – 625
3 ಮೀಟರ್ – 440

6 ಮೀಟರಿನಿಂದ 3 ಮೀಟರಿಗೆ ಬಂದರೆ ಓಮ್ ಶೇಕಡ 5ರಷ್ಟೂ ಬದಲಾಗಲಿಲ್ಲ, ಸ್ಪರ್ಶ ವೋಲ್ಟೇಜ್ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗಾಗಿ ಈ ಡ್ರಾಯಿಂಗ್‌ನಲ್ಲಿ ಕೇಳಬೇಕಾದ ಪ್ರಶ್ನೆ 0.8 ಏಕೆ ಎಂಬುದಲ್ಲ, 930 ಏಕೆ ಎಂಬುದು.

ಕಾಮಗಾರಿ_ಪಟ್ಟಿ

3 ಮೀಟರ್ ಎಂದರೆ ಫ್ಲಾಟಿನ ಉದ್ದ ಸರಿಸುಮಾರು ಎರಡು ಪಟ್ಟು, ಅಗೆತವೂ ಎರಡು ಪಟ್ಟು, ಕ್ರಾಸಿಂಗ್ ವೆಲ್ಡ್ 121 ಇದ್ದದ್ದು 441. ಬದಲಿಗೆ 4 ಮೀಟರ್ ಅಂತರ ಇಟ್ಟು ಜಲ್ಲಿಯನ್ನು 150 ಮಿ.ಮೀ. ಮಾಡಿದರೆ? ಸಹ್ಯ ಮಿತಿ ಸುಮಾರು 643ಕ್ಕೆ ಏರುತ್ತದೆ, 625 ಅದರೊಳಗೇ ಬಂತಲ್ಲ.

ಮಣ್ಣು_ಓಮ್

ಕಾಗದದಲ್ಲಿ ಬಂತು, ಉಳಿದದ್ದು 18 ವೋಲ್ಟ್. ಆ 18 ವೋಲ್ಟ್ ನಿಂತಿರುವುದು ಜಲ್ಲಿ ಸದಾ 150 ಮಿ.ಮೀ. ದಪ್ಪ ಇದ್ದು ತೊಳೆದಂತೆ ಇರುತ್ತದೆ ಎಂಬ ನಂಬಿಕೆಯ ಮೇಲೆ. ಕೇಬಲ್ ಹಾಕಲು ಅಗೆದವರು ಮಣ್ಣು ಬೆರೆಸಿ ಮುಚ್ಚುತ್ತಾರೆ, ಮಳೆನೀರು ಹೂಳು ತರುತ್ತದೆ, ಹುಲ್ಲು ಬೇರುಬಿಡುತ್ತದೆ. ಕಲ್ಲುಗಳ ನಡುವಿನ ಸಂದಿ ಮಣ್ಣಿನಿಂದ ತುಂಬಿದರೆ 2500 ಎಲ್ಲಿ ಉಳಿಯಿತು? ಜಲ್ಲಿಯೇ ಹೋಗಿ ಒದ್ದೆ ಕಾಂಕ್ರೀಟ್ ಬಂದ ಜಾಗದಲ್ಲಂತೂ ಅದು ಮಣ್ಣಿನ ಸಮ, ಮಿತಿ ಮತ್ತೆ 189ರ ಹತ್ತಿರ. ಉಪಕರಣದ ಸುತ್ತ ಓಡಾಡಲು ಅನುಕೂಲ ಎಂದು ಕಾಂಕ್ರೀಟ್ ಹಾಸಿಬಿಡುವವರು ಇದನ್ನು ಗಮನಿಸಬೇಕು.

ಖರ್ಚು ಉಳಿಸಲೇಬೇಕು ಎಂದರೆ ಬೇರೆ ದಾರಿ ಇದೆ. ಎಲ್ಲ ಚೌಕವನ್ನೂ ಒಂದೇ ಅಳತೆಯಲ್ಲಿ ಮಾಡಬೇಡಿ. ಕರೆಂಟ್ ಮಣ್ಣಿಗಿಳಿಯುವುದು ಅಂಚಿನಲ್ಲೇ ಹೆಚ್ಚು, ಮೂಲೆಯ ಚೌಕವೇ ಅತಿ ಕೆಟ್ಟದ್ದು. ಅಂಚಿನ ಎರಡು ಮೂರು ಸಾಲನ್ನು 2.5ರಿಂದ 3 ಮೀಟರಿಗೆ ಬಿಗಿಗೊಳಿಸಿ, ನಡುವೆ 5 ಮೀಟರ್ ಬಿಡಬಹುದು. ಆದರೆ ಮೇಲಿನ ಕೈಲೆಕ್ಕದ ಸೂತ್ರ ಸಮಾನ ಅಂತರಕ್ಕೆ ಮಾತ್ರ ಹೊಂದುತ್ತದೆ. ಅಸಮಾನ ಜಾಲರಿಯನ್ನು ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿಯೇ ಒಪ್ಪಬೇಕು.

ಫ್ಲಾಟ್_ಲೆಕ್ಕ

ಎರಡನೇ ಪ್ರಶ್ನೆಗೆ ಬರುತ್ತೇನೆ. 50×6 ಸಾಲದು, ಹೊಚ್ಚ ಹೊಸದಾಗಿದ್ದಾಗಲೇ ಸಾಲದು.

ವೆಲ್ಡ್ ಮಾಡಿದ ಉಕ್ಕಿನ ಫ್ಲಾಟಿಗೆ, 40 ಡಿಗ್ರಿಯಿಂದ 500 ಡಿಗ್ರಿಗೆ ಏರಲು ಬಿಟ್ಟರೆ, ಒಂದು ಸೆಕೆಂಡಿಗೆ ಚದರ ಮಿ.ಮೀ.ಗೆ 80 ಆಂಪಿಯರ್. 25,000ವನ್ನು 80ರಿಂದ ಭಾಗಿಸಿದರೆ 312.5 ಚದರ ಮಿ.ಮೀ. ನಿಮ್ಮ 50×6 ಇರುವುದು 300. ಇನ್ನು ತುಕ್ಕು. ಅದಕ್ಕೆ ಶೇಕಡ ಇಷ್ಟು ಎಂದು ಸೇರಿಸುವ ಪದ್ಧತಿ ದಾರಿ ತಪ್ಪಿಸುತ್ತದೆ. ತುಕ್ಕು ಮೈಯಿಂದ ಒಳಕ್ಕೆ ತಿನ್ನುತ್ತದೆ, ಶೇಕಡಾವಾರು ತಿನ್ನುವುದಿಲ್ಲ. ಪ್ರತಿ ಮುಖದಿಂದ 1 ಮಿ.ಮೀ. ಹೋಯಿತು ಎಂದಿಟ್ಟುಕೊಳ್ಳಿ:

50×8, ಮೊದಲು 400 – ಉಳಿದದ್ದು 48×6 = 288
75×6, ಮೊದಲು 450 – ಉಳಿದದ್ದು 73×4 = 292
65×8, ಮೊದಲು 520 – ಉಳಿದದ್ದು 63×6 = 378
50×10, ಮೊದಲು 500 – ಉಳಿದದ್ದು 48×8 = 384

75×6 ನೋಡಲು ದೊಡ್ಡದು, ತುಕ್ಕಿನ ನಂತರ 312ಕ್ಕಿಂತ ಕೆಳಗೆ. ದಪ್ಪವೇ ಆಯುಷ್ಯ. ನಾನಾದರೆ 50×10 ಬರೆಯುತ್ತೇನೆ. ಮೀಟರಿಗೆ ಸುಮಾರು 3.9 ಕೆ.ಜಿ., 2520 ಮೀಟರಿಗೆ ಹತ್ತಿರ ಹತ್ತಿರ 10 ಟನ್, ವೇಸ್ಟೇಜ್ ಮತ್ತು ಓವರ್‌ಲ್ಯಾಪ್ ಬೇರೆ.

ಇನ್ನೊಂದು ಗೊಂದಲ ಮುಂದೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸ್ಪರ್ಶ ವೋಲ್ಟೇಜಿಗೆ ಅರ್ಧ ಸೆಕೆಂಡ್, ಫ್ಲಾಟಿಗೆ 1 ಸೆಕೆಂಡ್ ಏಕೆ? ಎರಡೂ ಬೇರೆ ಬೇರೆ ಅಪಾಯ. ಫ್ಲಾಟ್ ಕರಗಿ ತುಂಡಾದರೆ ಆ ಮೇಲಿನ ಪ್ರತಿ ಫಾಲ್ಟಿಗೂ ರಕ್ಷಣೆಯೇ ಇಲ್ಲ, ಆದ್ದರಿಂದ ಬ್ರೇಕರ್ ತೆರೆಯದೆ ಬ್ಯಾಕಪ್ ರಕ್ಷಣೆ ಕೆಲಸ ಮಾಡುವ ಕೆಟ್ಟ ಸಂದರ್ಭವನ್ನೂ ತಡೆಯುವಂತೆ ಹಿಡಿಯುತ್ತಾರೆ. ಬ್ಯಾಕಪ್ 3 ಸೆಕೆಂಡ್ ತೆಗೆದುಕೊಳ್ಳುವ ವ್ಯವಸ್ಥೆಯಾದರೆ 80ರ ಬದಲು 46, ಆಗ 25 ಕಿಲೋ ಆಂಪಿಯರಿಗೆ 543 ಚದರ ಮಿ.ಮೀ. ಬೇಕು. ಹಾಗಾಗಿ ರಿಲೇ (ಫಾಲ್ಟ್ ಗುರುತಿಸಿ ಬ್ರೇಕರ್ ತೆರೆಸುವ ಸಾಧನ) ಸೆಟ್ಟಿಂಗ್ ಕೇಳದೆ ಫ್ಲಾಟ್ ಆರ್ಡರ್ ಮಾಡಬೇಡಿ.

ತಾಮ್ರಕ್ಕೆ ಸಂಖ್ಯೆ ಜಾಯಿಂಟಿನ ಮೇಲೆ ನಿಂತಿದೆ. ತಾಮ್ರ ತಾನೇ 1084 ಡಿಗ್ರಿವರೆಗೆ ಕರಗುವುದಿಲ್ಲ, ಆ ಮಿತಿಗೆ ಚದರ ಮಿ.ಮೀ.ಗೆ ಸುಮಾರು 280 ಆಂಪಿಯರ್. ಬ್ರೇಜಿಂಗ್ ಜಾಯಿಂಟ್ ಇದ್ದರೆ 450 ಡಿಗ್ರಿ ಮಿತಿ, ಸುಮಾರು 213. ಬೋಲ್ಟ್ ಜಾಯಿಂಟಿಗೆ 250 ಡಿಗ್ರಿ ಹಿಡಿದರೆ 167 ಅಷ್ಟೆ. ಬೋಲ್ಟ್ ಹಾಕಿದ ತಾಮ್ರದ ರೈಸರ್ 25 ಕಿಲೋ ಆಂಪಿಯರಿಗೆ 150 ಚದರ ಮಿ.ಮೀ. ಅಂಚಿಗೆ ಬಂದು ನಿಲ್ಲುತ್ತದೆ, 185 ತೆಗೆದುಕೊಳ್ಳಿ.

ಜಾಲರಿ_60

ಧನ್ಯವಾದ, ಇಷ್ಟು ಸ್ಪಷ್ಟವಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾದರೆ ಹೂತ ಜಾಲರಿಯಲ್ಲಿ ಕರೆಂಟ್ ನಾಲ್ಕು ಕಡೆ ಹಂಚಿಹೋಗುತ್ತದಲ್ಲ, ಅದಕ್ಕೆ ಚಿಕ್ಕ ಸೈಜು, ರೈಸರಿಗೆ ದೊಡ್ಡದು ಎಂದು ಮಾಡಬಹುದೇ?

ಫ್ಲಾಟ್_ಲೆಕ್ಕ

ತತ್ತ್ವತಃ ಸರಿ. ರೈಸರ್ ಜಾಲರಿಯ ಗಂಟಿನಲ್ಲಿ ಸೇರಿದರೆ ಕರೆಂಟ್ ನಾಲ್ಕು ಕವಲಾಗುತ್ತದೆ, ಫ್ಲಾಟಿನ ಮಧ್ಯೆ ಸೇರಿದರೆ ಎರಡು. ಆದರೆ ಸಮಪಾಲಲ್ಲ, ಹತ್ತಿರದ ದಾರಿಗೆ ಹೆಚ್ಚು. ಜಾಲರಿಗೆ ಬೇರೆ, ರೈಸರಿಗೆ ಬೇರೆ ಎಂದು ಎರಡು ಸೈಜು ತರಿಸಿದರೆ ಸೈಟಿನಲ್ಲಿ ಅದಲುಬದಲಾಗುವ ಸಾಧ್ಯತೆಯೂ ಇದೆ. ಉಕ್ಕಿನಲ್ಲಿ ಹೂತ ಭಾಗಕ್ಕೇ ತುಕ್ಕು ಜಾಸ್ತಿ. ಆದ್ದರಿಂದ ಒಂದೇ ಸೈಜು ಇಡುವುದು ನನ್ನ ಸಲಹೆ.

ರೈಸರಿನ ಪ್ರಶ್ನೆಗೆ ಖಡಾಖಂಡಿತ ಉತ್ತರ: ಎರಡೂ ಪೂರ್ತಿ ಸೈಜಿನವೇ ಇರಬೇಕು. ಎರಡು ರೈಸರ್ ಕೊಡುವುದು ಕರೆಂಟ್ ಹಂಚಲು ಅಲ್ಲ, ಒಂದು ಕಡಿದುಹೋದಾಗ ಇನ್ನೊಂದು ಉಳಿಯಲಿ ಎಂದು. ಕಡಿದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅಲಾರಂ ಬರುವುದಿಲ್ಲ, ಉಪಕರಣ ಮಾಮೂಲಿನಂತೆ ನಡೆಯುತ್ತಲೇ ಇರುತ್ತದೆ. ಜೊತೆಗೆ ಎರಡೂ ಬೇರೆ ಬೇರೆ ಫ್ಲಾಟ್ ಸಾಲಿಗೆ ಸೇರಬೇಕು. ಒಂದೇ ಕುಣಿಯಲ್ಲಿ, ಒಂದೇ ಫ್ಲಾಟಿಗೆ, ಗೇಣಿನ ಅಂತರದಲ್ಲಿ ಎರಡನ್ನೂ ವೆಲ್ಡ್ ಮಾಡಿದ್ದರೆ ಅದನ್ನು ಒಂದೇ ರೈಸರ್ ಎಂದು ಎಣಿಸಿ.

ವೆಲ್ಡಿಂಗ್_ಕಿಡಿ

ಸೈಜು ಎಷ್ಟೇ ಇರಲಿ, ಕೈಕೊಡುವುದು ಜಾಯಿಂಟ್. ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ, ಹಾಗಾಗಿ ಪ್ರತಿ ಜಾಯಿಂಟನ್ನೂ ಮುಚ್ಚುವ ಮೊದಲೇ ನೋಡಿ ಫೋಟೊ ತೆಗೆದು ನಂಬರ್ ಹಾಕಬೇಕು. ಜಿಐ ಫ್ಲಾಟಿನ ಕ್ರಮ ಇದು.

ಸೇರುವ ಜಾಗದ ಸತುವನ್ನು ವೆಲ್ಡ್ ಬೀಳುವ ಗೆರೆಯಿಂದ ಆಚೆಗೂ 50 ಮಿ.ಮೀ. ಗ್ರೈಂಡ್ ಮಾಡಿ. ಸತು ಉಳಿದರೆ ಅದು ಕಬ್ಬಿಣ ಕರಗುವ ಮೊದಲೇ ಆವಿಯಾಗಿ ವೆಲ್ಡಿನೊಳಗೆ ಗುಳ್ಳೆ ಬಿಡುತ್ತದೆ, ಆ ಬಿಳಿ ಹೊಗೆ ಸೇದಿದವರಿಗೆ ಜ್ವರವೂ ಬರುತ್ತದೆ. ಕುಣಿಯೊಳಗೆ ಬಗ್ಗಿ ಕೂತು ವೆಲ್ಡ್ ಮಾಡುವವರಿಗೆ ಮಾಸ್ಕ್ ಕೊಡಲೇಬೇಕು. ಉದ್ದದ ಜಾಯಿಂಟಿಗೆ ಓವರ್‌ಲ್ಯಾಪ್ ಫ್ಲಾಟಿನ ಅಗಲದ ಎರಡರಷ್ಟು, 50ಕ್ಕೆ 100 ಮಿ.ಮೀ. ನಾಲ್ಕೂ ಬದಿ 6 ಮಿ.ಮೀ. ಫಿಲೆಟ್ (ಮೂಲೆಯಲ್ಲಿ ತುಂಬುವ ತ್ರಿಕೋನ ವೆಲ್ಡ್) ಓಡಿಸಿದರೆ 300 ಮಿ.ಮೀ. ಉದ್ದ, ಗಂಟಲಿನ (ವೆಲ್ಡಿನ ಅತಿ ತೆಳು ಭಾಗದ) ದಪ್ಪ 4.2, ಒಟ್ಟು 1260 ಚದರ ಮಿ.ಮೀ. 500ರ ಫ್ಲಾಟಿಗೆ ಧಾರಾಳ.

ತಪ್ಪುವುದು 'ಟಿ' ಆಕಾರದ ಜಾಯಿಂಟಿನಲ್ಲಿ. ಒಂದು ಫ್ಲಾಟಿನ ತುದಿಯನ್ನು ಇನ್ನೊಂದರ ಅಂಚಿಗೆ ತಾಗಿಸಿ ಎರಡು ಬದಿ ಎಳೆದರೆ ಸಿಗುವುದು 100 ಮಿ.ಮೀ. ವೆಲ್ಡ್, 420 ಚದರ ಮಿ.ಮೀ., ಅಂದರೆ ಫ್ಲಾಟಿಗಿಂತಲೂ ಕಡಿಮೆ. ಅಲ್ಲಿ ಅದೇ ಫ್ಲಾಟಿನ ತುಂಡನ್ನು 'ಎಲ್' ಆಕಾರಕ್ಕೆ ಬಗ್ಗಿಸಿ ಪಕ್ಕಕ್ಕೆ ಕೂರಿಸಿ ವೆಲ್ಡ್ ಮಾಡಬೇಕು, ಇಲ್ಲವೇ ಒಂದರ ಮೇಲೊಂದು ಮಲಗಿಸಿ ನಾಲ್ಕೂ ಬದಿ ಸುತ್ತಬೇಕು. ಬಗ್ಗಿಸುವಾಗ ಕಾಯಿಸಿದರೆ ಸತು ಸುಟ್ಟುಹೋಗುತ್ತದೆ, ತಣ್ಣಗೇ ಬೆಂಡಿಂಗ್ ಮಷಿನ್‌ನಲ್ಲಿ ಬಗ್ಗಿಸಿ.

ಸ್ಲ್ಯಾಗ್ (ವೆಲ್ಡಿನ ಮೇಲೆ ಕಟ್ಟುವ ಗಟ್ಟಿ ಹೊರಪದರ) ಕುಟ್ಟಿ ತೆಗೆಯದೆ ಬಣ್ಣ ಬಳಿದರೆ ಬಣ್ಣ ಸ್ಲ್ಯಾಗಿನ ಮೇಲೆ ನಿಲ್ಲುತ್ತದೆ, ಕಬ್ಬಿಣದ ಮೇಲಲ್ಲ. ಕುಟ್ಟಿ, ವೈರ್ ಬ್ರಷ್ ಹೊಡೆದು, ತಣ್ಣಗಾದ ಮೇಲೆ ಸತು ತುಂಬಿದ ಪ್ರೈಮರ್ ಎರಡು ಕೋಟ್, ಅದರ ಮೇಲೆ ಬಿಟುಮೆನ್. ಕುಣಿ ತುಂಬುವಾಗ ಮೊದಲ 150 ಮಿ.ಮೀ. ಜರಡಿ ಹಿಡಿದ ಮೆತ್ತನೆ ಮಣ್ಣು. ಕಟ್ಟಡದ ಒಡಕು, ಬೂದಿ, ಸಿಂಡರ್ ಬೇಡವೇ ಬೇಡ. ಮಣ್ಣನ್ನು ತೆಳು ಪದರಗಳಲ್ಲಿ ದಮ್ಮಸು ಮಾಡದೆ ಬಿಟ್ಟರೆ ಫ್ಲಾಟಿಗೂ ಮಣ್ಣಿಗೂ ನಡುವೆ ಟೊಳ್ಳು ಉಳಿಯುತ್ತದೆ.

ತಾಮ್ರಕ್ಕೆ ಎಕ್ಸೊಥರ್ಮಿಕ್ ವೆಲ್ಡ್ (ಪುಡಿ ಹೊತ್ತಿಸಿ ಕರಗಿದ ತಾಮ್ರವನ್ನು ಮೋಲ್ಡಿಗೆ ಹರಿಸುವ ವಿಧಾನ) ಹಾಕುವವರಿಗೆ: ಅದರ ಶತ್ರು ತೇವ. ಗ್ರಾಫೈಟ್ ಮೋಲ್ಡ್ ರಾತ್ರಿಯಿಡೀ ತೇವ ಹೀರಿರುತ್ತದೆ. ದಿನದ ಮೊದಲ ಶಾಟ್‌ಗೆ ಮುಂಚೆ ಟಾರ್ಚ್‌ನಲ್ಲಿ ಕಾಯಿಸಿ ನೀರು ಓಡಿಸದಿದ್ದರೆ, ಆವಿ ಕರಗಿದ ತಾಮ್ರವನ್ನು ಮೇಲಕ್ಕೆ ಉಗುಳುತ್ತದೆ, ಒಳಗೆ ಜೇನುಗೂಡಿನಂಥ ತೂತು ಉಳಿಯುತ್ತದೆ. ಕಂಡಕ್ಟರಿನ ಎಳೆಗಳ ನಡುವಿನ ನೀರೂ ಹಾಗೆಯೇ. ಮೋಲ್ಡ್ ಸವೆದು ಸಂದಿ ಬಿಟ್ಟಿದ್ದರೆ ಲೋಹ ಸೋರಿ ಜಾಯಿಂಟ್ ಅರ್ಧಕ್ಕೆ ನಿಲ್ಲುತ್ತದೆ.

ನೆಲದ ಕೆಳಗೆ ಬೋಲ್ಟ್ ಬೇಡ. ನೆಲದ ಮೇಲೆ ಮಾತ್ರ, ಅದೂ ಟೆಸ್ಟಿಗೆ ಬಿಚ್ಚಬೇಕಾದಲ್ಲಿ.

ಮೂರನೇ_ರೈಸರ್

ಈ ತುಕ್ಕಿನ ತಲೆನೋವೇ ಬೇಡ, ಜಾಲರಿಯನ್ನು ತಾಮ್ರದಲ್ಲಿ ಮಾಡಿ ಎಂದು ಹೇಳುವವರಿದ್ದಾರೆ. ಅದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಏನು?

ಮಣ್ಣು_ಓಮ್

ತಾಮ್ರಕ್ಕೆ ತುಕ್ಕು ಬರುವುದಿಲ್ಲ, ಆದರೆ ಅದಕ್ಕೆ ಕಟ್ಟಿದ ಉಕ್ಕಿಗೆ ಬರಿಸುತ್ತದೆ. ಮಣ್ಣಿನಲ್ಲಿ ತಾಮ್ರಕ್ಕೂ ಹೂತ ಉಕ್ಕಿಗೂ ಸುಮಾರು ಅರ್ಧ ವೋಲ್ಟ್ ವ್ಯತ್ಯಾಸ, ಸತುವಿಗಾದರೆ ಸುಮಾರು 0.9. ಸ್ಟ್ರಕ್ಚರ್ ಬೋಲ್ಟು, ಕೇಬಲ್ ಆರ್ಮರ್, ಅಗ್ನಿಶಾಮಕ ಪೈಪು, ಎಲ್ಲವೂ ಆ ದೊಡ್ಡ ತಾಮ್ರದ ಮೈಗೆ ಬ್ಯಾಟರಿಯ ಸವೆಯುವ ತಟ್ಟೆ ಆಗುತ್ತವೆ. ಪೈಪಿಗೆ ಒಳ್ಳೆಯ ಹೊದಿಕೆ ಇದ್ದು ಒಂದೇ ಕಡೆ ಗೀರು ಬಿದ್ದಿದ್ದರೆ ಇನ್ನೂ ಕೆಟ್ಟದ್ದು, ಸವೆತವೆಲ್ಲ ಆ ಒಂದೇ ಚುಕ್ಕೆಯಲ್ಲಿ ನಡೆದು ಬೇಗ ತೂತಾಗುತ್ತದೆ.

ಉಕ್ಕಿನ ಜಾಲರಿಗೂ ಇದೇ ರೋಗ ಇನ್ನೊಂದು ದಾರಿಯಲ್ಲಿ ಬರುತ್ತದೆ. ಕಾಂಕ್ರೀಟಿನೊಳಗಿನ ಸರಳು ಕ್ಷಾರದಿಂದಾಗಿ ಹೆಚ್ಚು ಕಡಿಮೆ ತಾಮ್ರದಂತೆಯೇ ವರ್ತಿಸುತ್ತದೆ. ಫೌಂಡೇಶನ್ ಸರಳಿಗೆ ಬಾಂಡ್ ಮಾಡಿದ ಜಿಐ ಫ್ಲಾಟ್ ಕಾಂಕ್ರೀಟಿನಿಂದ ಹೊರಬಂದು ಮಣ್ಣಿಗಿಳಿಯುವ ಜಾಗದಲ್ಲೇ ತಿಂದುಹೋಗುತ್ತದೆ. ರೈಸರ್ ನೆಲದಿಂದ ಮೇಲೆ ಬರುವ ಜಾಗವೂ ಅಷ್ಟೆ, ಅಲ್ಲಿ ಗಾಳಿ, ತೇವ ಎರಡೂ ಸಿಗುತ್ತವೆ. ನೆಲಮಟ್ಟದಿಂದ 300 ಮಿ.ಮೀ. ಮೇಲೆ, 300 ಮಿ.ಮೀ. ಕೆಳಗೆ ಬಿಟುಮೆನ್ ಟೇಪ್ ಅಥವಾ ಹೀಟ್‌ಶ್ರಿಂಕ್ ತೊಡಿಸಿ. ಹಳೆ ಯಾರ್ಡ್ ತಪಾಸಣೆ ಮಾಡುವವರು ಇಡೀ ಫ್ಲಾಟ್ ಅಗೆಯುವ ಮೊದಲು ಅಲ್ಲಿ ಒಂದು ಮೊಳ ಅಗೆದು ಸುತ್ತಿಗೆಯಿಂದ ತಟ್ಟಿ, ದಪ್ಪ ಅಳೆದು ನೋಡಿ.

ಕಳ್ಳತನದ ಭಯ ಇರುವಲ್ಲಿ ತಾಮ್ರ ಹೊದಿಸಿದ ಉಕ್ಕು ಒಂದು ದಾರಿ. ಕತ್ತರಿಸಿದ ತುದಿಯಲ್ಲಿ ಉಕ್ಕು ಬಯಲಾಗುತ್ತದೆ, ಅದನ್ನು ಮುಚ್ಚಬೇಕು. ಅಲ್ಯೂಮಿನಿಯಂ ಅನ್ನು ಮಾತ್ರ ಹೂಳಲೇಬೇಡಿ.

ರಿಲೇ_ಕೋಣೆ

ಯಾರೂ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಮುಟ್ಟಿಲ್ಲ. ರಕ್ಷಣೆಯ ಕಡೆಯಿಂದ ಅತಿ ಹೆಚ್ಚು ತೊಂದರೆ ಕೊಡುವ ಜಾಗ ಅದು.

ನ್ಯೂಟ್ರಲ್ ಬುಶಿಂಗ್‌ನಿಂದ ಕೆಳಗಿಳಿಯುವ ಪಟ್ಟಿ ಟ್ಯಾಂಕಿನ ಪಕ್ಕದಲ್ಲೇ ಬರುತ್ತದೆ. ಅದನ್ನು ಸಪೋರ್ಟ್ ಇನ್ಸುಲೇಟರ್ ಮೇಲೆ ಇಳಿಸಬೇಕು, ಟ್ಯಾಂಕಿಗೆ ಎಲ್ಲಿಯೂ ತಾಗಬಾರದು. ತಾಗಿದರೆ ಹೊರಗಿನ ಲೈನಿನಲ್ಲಿ ಅರ್ಥ್ ಫಾಲ್ಟ್ ಆದಾಗ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಟ್ಯಾಂಕ್ ದಾರಿ ಹಿಡಿದು ನ್ಯೂಟ್ರಲ್ ಸಿಟಿಯನ್ನು (ಕರೆಂಟ್ ಟ್ರಾನ್ಸ್‌ಫಾರ್ಮರ್, ರಿಲೇಗೆ ಕರೆಂಟ್ ಅಳೆದು ಕೊಡುವ ಸಾಧನ) ತಪ್ಪಿಸಿಕೊಳ್ಳುತ್ತದೆ. ರೆಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ರಿಲೇಗೆ (ಟ್ರಾನ್ಸ್‌ಫಾರ್ಮರಿನ ಒಳಗಿನ ಅರ್ಥ್ ಫಾಲ್ಟಿಗೆ ಮಾತ್ರ ಟ್ರಿಪ್ ಕೊಡಬೇಕಾದ ರಿಲೇ) ಫೇಸ್ ಸಿಟಿಗಳ ಮೊತ್ತಕ್ಕೂ ನ್ಯೂಟ್ರಲ್ ಸಿಟಿಗೂ ತಾಳೆ ಬೀಳುವುದಿಲ್ಲ, ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಗುತ್ತದೆ. ರಿಲೇ ಸರಿಯಿದೆ, ಸಿಟಿ ಸರಿಯಿದೆ, ಆದರೂ ಟ್ರಿಪ್ ಏಕೆ ಎಂದು ಹುಡುಕುತ್ತಿರುವವರು ಮೊದಲು ಆ ಪಟ್ಟಿಯ ಕ್ಲ್ಯಾಂಪುಗಳನ್ನು ನೋಡಿ. ಬಣ್ಣ ಹೊಡೆಯುವಾಗ ಇನ್ಸುಲೇಟರ್ ಬಿಚ್ಚಿ, ನೇರ ಬೋಲ್ಟ್ ಹಾಕಿ ಬಿಟ್ಟಿರುವ ಸಾಧ್ಯತೆ ಇದೆ.

ನ್ಯೂಟ್ರಲ್‌ಗೂ ಎರಡು ದಾರಿ ಕಡ್ಡಾಯ. ಆದರೆ ಸಿಟಿ ದಾಟಿದ ಮೇಲೆ ಕವಲೊಡೆಯಬೇಕು. ಸಿಟಿಗಿಂತ ಮೇಲೆಯೇ ಕವಲು ತೆಗೆದರೆ ಅರ್ಧ ಕರೆಂಟ್ ಸಿಟಿಗೆ ಕಾಣುವುದೇ ಇಲ್ಲ. ಟ್ಯಾಂಕ್ ಬಾಡಿಗೆ ಬೇರೆ ಎರಡು ರೈಸರ್. ಕೊನೆಗೆ ಎಲ್ಲವೂ ಸೇರುವುದು ಒಂದೇ ಜಾಲರಿಗೆ. ನ್ಯೂಟ್ರಲ್ ರಾಡುಗಳನ್ನು ಜಾಲರಿಯಿಂದ ಬೇರ್ಪಡಿಸಿ ಇಡಬೇಕು ಎಂಬುದು ತಪ್ಪು ತಿಳಿವಳಿಕೆ. ಹಾಗೆ ಮಾಡಿದರೆ ಯಾರ್ಡಿನೊಳಗೆ ಫಾಲ್ಟ್ ಆದಾಗ ಕರೆಂಟ್ ಮಣ್ಣಿನ ಮೂಲಕವೇ ನ್ಯೂಟ್ರಲ್ ಸೇರಬೇಕಾಗುತ್ತದೆ, ಎರಡರ ನಡುವೆ ಸಾವಿರಾರು ವೋಲ್ಟ್ ನಿಲ್ಲುತ್ತದೆ.

ಸಿಟಿ ಸೆಕೆಂಡರಿಯಲ್ಲಿ ನಿಯಮ ತದ್ವಿರುದ್ಧ: ಒಂದು ಗುಂಪಿಗೆ ಒಂದೇ ಅರ್ಥ್. ಮಾರ್ಷಲಿಂಗ್ ಬಾಕ್ಸಿನಲ್ಲೂ (ಯಾರ್ಡಿನಲ್ಲಿ ಕೇಬಲ್‌ಗಳು ಸೇರುವ ಪೆಟ್ಟಿಗೆ) ಪ್ಯಾನೆಲ್ಲಿನಲ್ಲೂ ಎರಡು ಕಡೆ ಅರ್ಥ್ ಇದ್ದರೆ, ಫಾಲ್ಟ್ ಸಮಯದಲ್ಲಿ ಜಾಲರಿಯ ಆ ಎರಡು ಜಾಗಗಳ ನಡುವಿನ ವೋಲ್ಟೇಜ್ ರಿಲೇ ಸರ್ಕ್ಯೂಟಿನೊಳಗೆ ಕರೆಂಟ್ ಹರಿಸುತ್ತದೆ. ಕಂಟ್ರೋಲ್ ಕೇಬಲ್‌ಗಳ ಸ್ಕ್ರೀನನ್ನು ಮಾತ್ರ ಎರಡೂ ತುದಿ ಅರ್ಥ್ ಮಾಡಿ. ಐಸೊಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್) ತೆರೆಯುವಾಗಿನ ಹೈ ಫ್ರೀಕ್ವೆನ್ಸಿ ಹೊಡೆತ ತಡೆಯಲು ಅದು ಬೇಕು. ಫಾಲ್ಟ್ ಕರೆಂಟ್ ಆ ತೆಳು ಸ್ಕ್ರೀನ್ ಹಿಡಿದು ಸುಡಬಾರದು ಎಂದರೆ ಟ್ರೆಂಚ್ ಉದ್ದಕ್ಕೂ ಜೊತೆಯಲ್ಲಿ ಒಂದು ದಪ್ಪ ಬಾಂಡಿಂಗ್ ಕಂಡಕ್ಟರ್ ಓಡಿಸಿ, ಎರಡೂ ತುದಿಯಲ್ಲಿ ಜಾಲರಿಗೆ ಕಟ್ಟಿ.

ಮೂರನೇ_ರೈಸರ್

ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ಮಣ್ಣಿಗಿಳಿಸುವ ಸಾಧನ) ಬಗ್ಗೆ ನಾನು ಸೇರಿಸುತ್ತೇನೆ. ಅಲ್ಲಿ ಓಮ್‌ಗಿಂತ ಉದ್ದ ಮುಖ್ಯ. ನೇರ ಕಂಡಕ್ಟರಿಗೆ ಮೀಟರಿಗೆ ಸುಮಾರು 1 ಮೈಕ್ರೋ ಹೆನ್ರಿ. 10 ಕಿಲೋ ಆಂಪಿಯರ್ ಸಿಡಿಲು 1 ಮೈಕ್ರೋ ಸೆಕೆಂಡಿನಲ್ಲಿ ಏರಿದರೆ ಒಂದೊಂದು ಮೀಟರಿನ ಮೇಲೂ 10 ಕಿಲೋವೋಲ್ಟ್. ಅದು ಅರೆಸ್ಟರಿನ ವೋಲ್ಟೇಜಿನ ಮೇಲೆ ಕೂಡಿಕೊಂಡು ಟ್ರಾನ್ಸ್‌ಫಾರ್ಮರ್ ಬುಶಿಂಗಿಗೆ ಬೀಳುತ್ತದೆ. ಅಂದವಾಗಿ ಕಾಣಲಿ ಎಂದು ಸ್ಟ್ರಕ್ಚರಿನ ಮೂಲೆ ಮೂಲೆಗೆ 90 ಡಿಗ್ರಿ ಬಗ್ಗಿಸಿ ಎರಡು ಮೀಟರ್ ಹೆಚ್ಚು ಸುತ್ತಿಸುವುದು ಇಲ್ಲಿ ತಪ್ಪು. ನೇರ ಇಳಿಸಿ, ಬುಡದಲ್ಲೇ ರಾಡ್ ಕೊಟ್ಟು, ಅಲ್ಲಿಂದ ಜಾಲರಿಗೂ ಸೇರಿಸಿ, ಟ್ರಾನ್ಸ್‌ಫಾರ್ಮರ್ ಟ್ಯಾಂಕಿಗೆ ಅತಿ ಹತ್ತಿರದ ದಾರಿ ಕೊಡಿ.

ಸರ್ಜ್ ಕೌಂಟರ್ (ಅಂಥ ಹೊಡೆತಗಳನ್ನು ಎಣಿಸುವ ಮೀಟರ್) ಇದ್ದರೆ ಅರೆಸ್ಟರ್ ಕೂತಿರುವುದು ಇನ್ಸುಲೇಟಿಂಗ್ ಬೇಸ್ ಮೇಲೆ. ಬೇಸಿನಿಂದ ಕೌಂಟರ್‌ವರೆಗಿನ ತುಂಡು ಸ್ಟ್ರಕ್ಚರಿಗೆ ತಾಗಿದರೆ ಕೌಂಟರ್ ಎಣಿಸುವುದೂ ಇಲ್ಲ, ಲೀಕೇಜ್ ಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳುವುದೂ ಇಲ್ಲ. ವರ್ಷಗಟ್ಟಲೆ ಸೊನ್ನೆ ತೋರಿಸುತ್ತಿದ್ದರೆ ಅರೆಸ್ಟರ್ ಚೆನ್ನಾಗಿದೆ ಎಂದು ತಿಳಿಯಬೇಡಿ.

ಒಂಟಿ ರೈಸರ್ ಉಕ್ಕಿನ ಪೈಪಿನೊಳಗಿಂದ ಹಾದುಹೋದರೆ ಪೈಪೇ ಚೋಕ್ ಆಗುತ್ತದೆ. ಪಿವಿಸಿ ಬಳಸಿ, ಉಕ್ಕೇ ಬೇಕಿದ್ದರೆ ಪೈಪಿನ ಎರಡೂ ತುದಿಯನ್ನು ಕಂಡಕ್ಟರಿಗೆ ಬಾಂಡ್ ಮಾಡಿ.

ಜಾಲರಿ_60

ಬೇಲಿ ಮತ್ತು ಐಸೊಲೇಟರ್ ಹ್ಯಾಂಡಲ್? ಡ್ರಾಯಿಂಗ್‌ನಲ್ಲಿ ಬೇಲಿ ಜಾಲರಿಯ ಕೊನೆಯ ಗೆರೆಯ ಮೇಲೆಯೇ ಇದೆ.

ಫ್ಲಾಟ್_ಲೆಕ್ಕ

ಅಲ್ಲಿ ಅಪಾಯ ಹೊರಗಿನವರಿಗೆ. ಬೇಲಿಯನ್ನು ಜಾಲರಿಗೆ ಕಟ್ಟುವುದಾದರೆ ಜಾಲರಿಯ ಕೊನೆಯ ಗೆರೆ ಬೇಲಿಯಿಂದ 1 ಮೀಟರ್ ಹೊರಗಿರಬೇಕು, ಜಲ್ಲಿಯೂ ಅಲ್ಲಿಯವರೆಗೆ ಬೇಕು. ಬೇಲಿ ಮುಟ್ಟಿ ನಿಂತವನ ಕಾಲು ಬೇಲಿಯಿಂದ ಒಂದು ಮೀಟರ್ ದೂರದಲ್ಲಿರುತ್ತದೆ, ಆ ಕಾಲಡಿಗೆ ಕಂಡಕ್ಟರ್ ಬೇಕು. ಜಾಗ ಇಲ್ಲದಿದ್ದರೆ ಬೇಲಿಗೆ ಪ್ರತ್ಯೇಕ ರಾಡ್ ಕೊಟ್ಟು, ಜಾಲರಿಗೆ ಕಟ್ಟಿದ ಯಾವ ಲೋಹವೂ ಬೇಲಿಯಿಂದ 2 ಮೀಟರ್ ಒಳಗೆ ಬಾರದಂತೆ ನೋಡಿ. ಎರಡನ್ನೂ ಬೆರೆಸಬೇಡಿ: ಪ್ರತ್ಯೇಕ ಎಂದು ಬರೆದ ಬೇಲಿಗೆ ದೀಪದ ಕಂಬದ ಆರ್ಮರ್ ಕೇಬಲ್ ತಾಗಿದರೆ ಆ ಬೇರ್ಪಡೆ ಅಲ್ಲಿಗೇ ಮುಗಿಯಿತು. ನಿಮ್ಮ ಬೇಲಿ ಪಕ್ಕದ ಜಮೀನಿನ ತಂತಿಬೇಲಿಗೆ ಸೇರಿದ್ದರೆ ಮಧ್ಯೆ ಲೋಹವಲ್ಲದ ತುಂಡು ಹಾಕಿ. ಹೊರಗೆ ಹೋಗುವ ನೀರಿನ ಪೈಪಿಗೂ ಅದೇ, ಫೋನಿಗೆ ಫೈಬರ್. ಇಲ್ಲದಿದ್ದರೆ 8000 ವೋಲ್ಟ್ ಅವುಗಳ ಜೊತೆಯೇ ಊರಿನೊಳಗೆ ನಡೆದುಹೋಗುತ್ತದೆ.

ಗೇಟಿನ ಕಂಬಗಳೆರಡನ್ನೂ ನೆಲದಡಿಯಲ್ಲಿ ಪರಸ್ಪರ ಕಟ್ಟಿ. ಬಾಗಿಲಿಗೆ ಮೆತ್ತನೆ ತಾಮ್ರದ ಬ್ರೇಡ್. ಕೀಲನ್ನು ಬಾಂಡ್ ಎಂದು ನಂಬಬೇಡಿ, ಅಲ್ಲಿರುವುದು ಗ್ರೀಸು ಮತ್ತು ತುಕ್ಕು. ಬಾಗಿಲು ಹೊರಗೆ ತೆರೆಯುವುದಾದರೆ ಅದು ಪೂರ್ತಿ ತೆರೆದಾಗ ಮುಟ್ಟುವ ಜಾಗದ ಆಚೆಗೂ ಒಂದು ಮೀಟರ್ ಕಂಡಕ್ಟರ್ ಹೋಗಬೇಕು.

ಹ್ಯಾಂಡಲ್: ಆಪರೇಟರ್ ನಿಲ್ಲುವ ಜಾಗದಲ್ಲಿ ಲೋಹದ ಮ್ಯಾಟ್, ಹ್ಯಾಂಡಲ್ಲಿನಿಂದ ನೇರ ಆ ಮ್ಯಾಟಿಗೆ ಬ್ರೇಡ್, ಮ್ಯಾಟಿನಿಂದ ಜಾಲರಿಗೆ ಎರಡು ಕಡೆ. ಮ್ಯಾಟ್ ಒಂದು ಕಡೆ, ಹ್ಯಾಂಡಲ್ ಇನ್ನೊಂದು ಕಡೆ ಜಾಲರಿಗೆ ಸೇರಿ ಪರಸ್ಪರ ಸೇರದಿದ್ದರೆ ನಡುವೆ ಬರುವ ಪ್ರತಿ ಮೀಟರಿನ ವೋಲ್ಟೇಜೂ ಆ ವ್ಯಕ್ತಿಯ ಮೈಮೇಲೆ. ಮತ್ತು ಮ್ಯಾಟ್ ನಿಜಕ್ಕೂ ಅವನು ನಿಲ್ಲುವ ಕಡೆಯೇ ಇರಲಿ. ಹ್ಯಾಂಡಲ್ಲಿನ ದಿಕ್ಕು ಬದಲಾದರೂ ಮ್ಯಾಟ್ ಹಳೆ ಜಾಗದಲ್ಲೇ ಉಳಿಯುವುದುಂಟು.

ಕಾಮಗಾರಿ_ಪಟ್ಟಿ

ಅಳತೆಯ ವಿಷಯ. ಮೂರು ಪಾಯಿಂಟ್ ವಿಧಾನಕ್ಕೆ (ದೂರದ ಮೊಳೆಗೆ ಕರೆಂಟ್ ಹಾಯಿಸಿ, ನಡುವಿನ ಮೊಳೆಯಲ್ಲಿ ವೋಲ್ಟೇಜ್ ಅಳೆಯುವುದು) ಕರೆಂಟ್ ಮೊಳೆಯನ್ನು ಎಷ್ಟು ದೂರ ಹೊಡೆಯಬೇಕು? ಕ್ಲ್ಯಾಂಪ್ ಮೀಟರ್‌ನಲ್ಲಿ ರೈಸರ್ ಹಿಡಿದು 0.05 ಓಮ್ ಎಂದು ರಿಪೋರ್ಟ್ ಕೊಡುವವರೂ ಇದ್ದಾರೆ.

ಮಣ್ಣು_ಓಮ್

ಆ 0.05 ಮಣ್ಣಿನ ರೆಸಿಸ್ಟೆನ್ಸ್ ಅಲ್ಲ. ಒಂದು ರೈಸರಿನಿಂದ ಇಳಿದು ಜಾಲರಿಯಲ್ಲಿ ಸುತ್ತಿ ಇನ್ನೊಂದರಿಂದ ಮೇಲೆ ಬಂದ ಲೋಹದ ಲೂಪ್. ಆ ರಿಪೋರ್ಟನ್ನು ಒಪ್ಪಬೇಡಿ. ಮೂರು ಪಾಯಿಂಟ್‌ಗೆ ಕರೆಂಟ್ ಮೊಳೆ ಕರ್ಣದ ಐದು ಪಟ್ಟು ದೂರ ಬೇಕು. ನಿಮ್ಮ ಯಾರ್ಡಿನ ಕರ್ಣ 85 ಮೀಟರ್, ಅಂದರೆ 425 ಮೀಟರ್. ವೋಲ್ಟೇಜ್ ಮೊಳೆಯನ್ನು ಆ ದೂರದ 62 ಶೇಕಡದ ಜಾಗದಲ್ಲಿಟ್ಟು ಒಂದೇ ಓದು ತೆಗೆದು ಬರಬೇಡಿ, ಪೂರ್ತಿ ಗೆರೆಯುದ್ದಕ್ಕೂ ಅಳೆದು ವಕ್ರರೇಖೆ ಬಿಡಿಸಿ. ಸಮತಟ್ಟು ಭಾಗ ಕಾಣದಿದ್ದರೆ ಮೊಳೆ ಸಾಲದಷ್ಟು ಹತ್ತಿರದಲ್ಲಿದೆ. ಶೀಲ್ಡ್ ವೈರ್ ಕಟ್ಟಿದ ಮೇಲೆ ಅಳೆದರೆ ಪಕ್ಕದ ಟವರ್‌ಗಳ ಅರ್ಥಿಂಗೂ ಸೇರಿ ಬರುತ್ತದೆ, ಆದ್ದರಿಂದ ಲೈನ್ ಕಟ್ಟುವ ಮೊದಲು ಒಂದು ಅಳತೆ ತೆಗೆದಿಟ್ಟುಕೊಳ್ಳಿ. ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ, ಆ 425 ಮೀಟರ್ ವೈರ್ ಕೈಯಲ್ಲಿ ಹಿಡಿದವರಿಗೆ ಅದೇ ದೊಡ್ಡ ಅಪಾಯ.

ರಿಲೇ_ಕೋಣೆ

ಹಳೆ ಯಾರ್ಡಿನಲ್ಲಿ ಓಮ್‌ಗಿಂತ ಮುಖ್ಯ ಕಂಟಿನ್ಯೂಟಿ. ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ರೈಸರನ್ನು ಆಧಾರವಾಗಿಟ್ಟು ಪ್ರತಿ ಉಪಕರಣದ ರೈಸರಿಗೂ ಕರೆಂಟ್ ಹಾಯಿಸಿ ವೋಲ್ಟೇಜ್ ಇಳಿತ ನೋಡಬೇಕು. ಈ ಕೆಲಸಕ್ಕೆ 300 ಆಂಪಿಯರ್ ಹಾಯಿಸುವ ಪದ್ಧತಿ ರೂಢಿಯಲ್ಲಿದೆ. ಮಲ್ಟಿಮೀಟರಿನ ಮಿಲಿ ಆಂಪಿಯರಿಗೆ ತುಕ್ಕು ಹಿಡಿದ ಎಳೆಯೂ ಗಟ್ಟಿ ಕಂಡಕ್ಟರಿನಂತೆ ಕಾಣುತ್ತದೆ, 300 ಆಂಪಿಯರಿಗೆ ಕಾಣುವುದಿಲ್ಲ.

ಅಂದಾಜಿಗೆ: 50×10 ಉಕ್ಕಿನ ಫ್ಲಾಟ್ ಮೀಟರಿಗೆ ಡಿಸಿಯಲ್ಲಿ ಸುಮಾರು 0.3 ಮಿಲಿ ಓಮ್. ಎಸಿಯಲ್ಲಿ ಹೆಚ್ಚು ಬರುತ್ತದೆ, ಉಕ್ಕಿನಲ್ಲಿ ಕರೆಂಟ್ ಮೈಪದರಕ್ಕೇ ಸರಿಯುತ್ತದೆ. ಆದ್ದರಿಂದ ಎಸಿ ಅಳತೆಯನ್ನು ಎಸಿ ಅಳತೆಗೇ ಹೋಲಿಸಿ. ಒಂದೇ ದೂರದಲ್ಲಿರುವ ರೈಸರ್‌ಗಳಲ್ಲಿ ಒಂದು ಮಾತ್ರ ಎರಡು ಮೂರು ಪಟ್ಟು ತೋರಿಸಿದರೆ ಅಲ್ಲಿ ಅಗೆಯಿರಿ.

ಎರಡು ರೈಸರ್ ಇರುವಲ್ಲಿ ಒಂದು ಎಚ್ಚರ: ಒಂದು ಕಡಿದಿದ್ದರೂ ಇನ್ನೊಂದರಿಂದ ಓದು ಚೆನ್ನಾಗಿಯೇ ಬರುತ್ತದೆ. ಕರೆಂಟ್ ಹಾಯಿಸುತ್ತಿರುವಾಗ ಎರಡಕ್ಕೂ ಕ್ಲ್ಯಾಂಪ್ ಹಾಕಿ ಯಾವುದರಲ್ಲಿ ಎಷ್ಟು ಹೋಗುತ್ತಿದೆ ನೋಡಿ. ಒಂದರಲ್ಲಿ ಸೊನ್ನೆ ಎಂದರೆ ಉತ್ತರ ಸಿಕ್ಕಿತು.

ಜಾಲರಿ_60

ಡ್ರಾಯಿಂಗ್ ಹೀಗೆ ತಿದ್ದುತ್ತಿದ್ದೇನೆ: 50×10 ಫ್ಲಾಟ್, 3 ಮೀಟರ್ ಅಂತರ, ರಾಡ್ 20 ಸಾಕು, ಕೊನೆಯ ಗೆರೆ ಬೇಲಿಯಿಂದ 1 ಮೀಟರ್ ಆಚೆ, ನ್ಯೂಟ್ರಲ್ ಕವಲು ಸಿಟಿ ಕೆಳಗೆ. ಪರಿಶೀಲಿಸಿದವರಿಗೆ 0.78 ಓಮ್ ಜೊತೆ 440 ಮತ್ತು 596 ಎರಡನ್ನೂ ಬರೆದು ಕಳಿಸುತ್ತೇನೆ. ಕೊನೆಯ ಪ್ರಶ್ನೆ: ಕ್ಲ್ಯಾಂಪ್ ಹಿಡಿಯಲು ಜಾಗವಿಲ್ಲದ ಕಡೆ ರೈಸರ್ ಬೋಲ್ಟ್ ಬಿಚ್ಚಿ ಅಳೆಯಬಹುದೇ, ಉಪಕರಣ ಚಾರ್ಜ್ ಇರುವಾಗ?

ರಿಲೇ_ಕೋಣೆ

ನ್ಯೂಟ್ರಲ್, ಅರೆಸ್ಟರ್, ಸಿವಿಟಿ (ಕೆಪ್ಯಾಸಿಟರ್ ಮೂಲಕ ಲೈನ್ ವೋಲ್ಟೇಜ್ ಅಳೆಯುವ ಟ್ರಾನ್ಸ್‌ಫಾರ್ಮರ್) ಈ ಮೂರರಲ್ಲಿ ಚಾರ್ಜ್ ಇರುವಾಗ ಬಿಚ್ಚಲೇಬೇಡಿ. ಒಂದು ರೈಸರ್ ಮೊದಲೇ ಕಡಿದಿದ್ದು ನೀವು ಉಳಿದ ಇನ್ನೊಂದನ್ನು ಬಿಚ್ಚಿದರೆ, ಬಿಚ್ಚಿದ ತುದಿಗಳ ನಡುವೆ ಲೈನಿನ ವೋಲ್ಟೇಜೇ ಬಂದು ನಿಲ್ಲಬಹುದು. ಬೇರೆ ಸ್ಟ್ರಕ್ಚರ್‌ಗಳಲ್ಲೂ ಸಾಧ್ಯವಾದಷ್ಟು ಮಟ್ಟಿಗೆ ಶಟ್‌ಡೌನ್ ತೆಗೆದುಕೊಂಡೇ ಬಿಚ್ಚಿ. ಬಿಚ್ಚುವ ಮೊದಲು ಉಪಕರಣದ ಬುಡದಿಂದ ಬೇರೊಂದು ಒಳ್ಳೆಯ ರೈಸರಿಗೆ ಪೂರ್ತಿ ಸೈಜಿನ ಜಂಪರ್ ಕಟ್ಟಿ, ಮೊದಲು ಜಾಲರಿಯ ಕಡೆ, ಆಮೇಲೆ ಉಪಕರಣದ ಕಡೆ. ಒಮ್ಮೆಗೆ ಒಂದೇ ರೈಸರ್. ಅಳತೆ ಮುಗಿದ ಮೇಲೆ ಸಂಪರ್ಕದ ಮುಖಗಳನ್ನು ವೈರ್ ಬ್ರಷ್ ಹೊಡೆದು, ಬಣ್ಣ ಉಳಿದಿಲ್ಲ ಎಂದು ನೋಡಿ, ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಜಂಪರ್ ತೆಗೆಯುವುದು ಅದಾದ ಮೇಲೆ, ಉಪಕರಣದ ಕಡೆಯಿಂದ ಶುರುಮಾಡಿ.